ನಾಲ್ಕನೇ ಕಣಜದ ಬೀಗ

ಮಳೆ ಹಿಂದೆ ಸರಿದಿತ್ತು, ಚಳಿ ಇನ್ನೂ ಗಟ್ಟಿಯಾಗಿ ಕೂತಿರಲಿಲ್ಲ. ಸುತ್ತಲಿನ ಹೊಲಗಳಲ್ಲಿ ಮೆಕ್ಕೆಜೋಳದ ಕಟಾವು ಜೋರಾಗಿತ್ತು. ಬೆಳಗಿನ ಆರು ಗಂಟೆಯಿಂದಲೇ ಟ್ರ್ಯಾಕ್ಟರುಗಳು ಹಸಿ ಕಾಳು ಹೊತ್ತು ಒಂದರ ಹಿಂದೊಂದು ಬರುತ್ತಿದ್ದವು. ಕಾಳು ಸುರಿದಲ್ಲಿಂದ ಎದ್ದ ತೆಳ್ಳನೆಯ ಹೊಟ್ಟು ಅಂಗಳದ ತುಂಬ ತೇಲಿ, ಕಿಟಕಿಯ ಗಾಜು, ಸೈಕಲ್ಲಿನ ಸೀಟು, ಟೀ ಲೋಟದ ಅಂಚು, ಮನುಷ್ಯರ ಹುಬ್ಬು, ಯಾವುದನ್ನೂ ಬಿಡದೆ ಕೂರುತ್ತಿತ್ತು. ಕಾಳು ಒಣಗಿಸುವ ಗೋಪುರದ ಬರ್ನರು ಹೊತ್ತಿಕೊಂಡು ಹನ್ನೊಂದು ದಿನವಾಗಿತ್ತು. ಅಂಗಳದ ಆಚೆ ಆರು ಉಕ್ಕಿನ ಕಣಜಗಳು ಸಾಲಾಗಿ ನಿಂತಿದ್ದವು, ಒಂದೊಂದೂ ನಾಲ್ಕು ಅಂತಸ್ತಿನ ಎತ್ತರ. ಏಳನೆಯದಕ್ಕೆ ಈಗಷ್ಟೇ ಬಣ್ಣ ಬಳಿದು ಮುಗಿಸಿದ್ದರು.

ಆ ಏಳನೆಯದರ ಕೆಲಸವೇ ಅವಳ ಮುಂದೆ ಕಂಪ್ಯೂಟರಿನಲ್ಲಿ ತೆರೆದುಕೊಂಡಿತ್ತು. ಆಫೀಸಿನ ಮೊದಲ ಮಹಡಿಯ ಮೂಲೆಕೋಣೆ ಅವಳದು. ಕಣಜಗಳ ಅಡಿಯಲ್ಲಿ ಕಾಳನ್ನು ಹೊರಕ್ಕೆ ಎಳೆಯುವ ಉದ್ದನೆಯ ಸ್ಕ್ರೂಗಳಿದ್ದವು. ಅವುಗಳ ಮೋಟರನ್ನು ಓಡಿಸುವ, ನಿಲ್ಲಿಸುವ ಪ್ರೋಗ್ರಾಂ ಪೂರ್ತಿ ಅವಳ ಕೈಯಿಂದಲೇ ಬಂದದ್ದು. ಕೆಲಸಗಾರರು ಎದುರಿಗೆ ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ, ಕೋಡ್ ಬರೆಯುವವಳೆಂದು, ಕೋಡಮ್ಮ ಎನ್ನುತ್ತಿದ್ದರು. ಎರಡೂ ಅವಳಿಗೆ ಗೊತ್ತಿತ್ತು.

ಪ್ರೋಗ್ರಾಮಿನಲ್ಲಿ ಎರಡು ಪಾಲು. ಕೆಳಗಿನದು ಸಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ. ಮೋಟರಿನ ಜುಟ್ಟು ಹಿಡಿದಿರುವುದು ಅದೇ, ಅದನ್ನು ಅವಳ ಹೊರತು ಯಾರೂ ಮುಟ್ಟುವಂತಿರಲಿಲ್ಲ. ಮೇಲಿನದು ಸಣ್ಣದೊಂದು ಸ್ಕ್ರಿಪ್ಟ್. ಕಂಟ್ರೋಲ್ ರೂಮಿನಲ್ಲಿ ಕೂತವನು ಓದಿ ತಿದ್ದಿಕೊಳ್ಳುವಷ್ಟು ಸರಳ. ತೇವ ಇಷ್ಟಿದ್ದರೆ ಬಿಸಿ ಇಷ್ಟಿರಲಿ, ಖಾಲಿ ಲಾರಿ ಬಂದು ನಿಂತರೆ ನಾಲ್ಕನೇ ಕಣಜದಿಂದ ಕಾಳು ಬಿಡು, ಇಂಥವು. ಸ್ಕ್ರಿಪ್ಟಿನ ಪ್ರತಿ ವೇರಿಯಬಲ್‌ಗೂ, ಅಂದರೆ ಬದಲಾಗುವ ಪ್ರತಿ ಅಂಕಿಗೂ, ಒಂದು ಹೆಸರು, ಮೆಮೊರಿಯಲ್ಲಿ ಒಂದು ಪೆಟ್ಟಿಗೆ. ‘ತೇವ’ ಎಂಬ ಪೆಟ್ಟಿಗೆಯಲ್ಲಿ ಹದಿನೆಂಟೋ ಇಪ್ಪತ್ತೋ. ‘ನಾಲ್ಕರೊಳಗೆ’ ಎಂಬ ಪೆಟ್ಟಿಗೆಯಲ್ಲಿ ಸೊನ್ನೆ, ಇಲ್ಲವೇ ಒಂದು. ಒಂದು ಎಂದರೆ ನಾಲ್ಕನೇ ಕಣಜದೊಳಗೆ ಮನುಷ್ಯನಿದ್ದಾನೆ ಎಂದು ಕಂಟ್ರೋಲ್ ರೂಮಿನಲ್ಲಿ ಗುಂಡಿ ಒತ್ತಿದ್ದಾರೆ. ಸಿ ಆ ಪೆಟ್ಟಿಗೆಯನ್ನು ಸೆಕೆಂಡಿಗೆ ಹತ್ತು ಸಲ ಇಣುಕಿ ನೋಡುತ್ತದೆ. ಒಳಗೆ ಒಂದು ಕಂಡರೆ, ಯಾರು ಎಷ್ಟು ಕೇಳಿಕೊಂಡರೂ ಮೋಟರನ್ನು ತಿರುಗಗೊಡುವುದಿಲ್ಲ. ಎಲ್ಲರೂ ಅದನ್ನು ಬೀಗ ಎನ್ನುತ್ತಿದ್ದರು. ಆ ಬೀಗ ಬಂದ ಮೇಲೆ, ಕಣಜಕ್ಕೆ ಇಳಿಯುವ ಮುನ್ನ ನೂರು ಮಾರು ನಡೆದು ಹೋಗಿ ಮೋಟರಿನ ಸ್ವಿಚ್ಚಿಗೆ ಕಬ್ಬಿಣದ ಬೀಗ ಜಡಿದು ಬರುವ ಹಳೆಯ ಪದ್ಧತಿಯನ್ನು ಜನ ತಾವಾಗಿಯೇ ಕೈಬಿಟ್ಟಿದ್ದರು. ಅವಳಿಗೆ ಅದರ ಬಗ್ಗೆ ಒಳಗೊಳಗೇ ಹೆಮ್ಮೆಯಿತ್ತು.

ಏಳನೆಯ ಕಣಜಕ್ಕೂ ಅಂಥದೇ ಬೀಗ ಬೇಕು. ನಾಲ್ಕನೆಯದರ ಸಾಲುಗಳನ್ನು ನಕಲು ಮಾಡಿ ಅಂಕಿ ಬದಲಿಸಿದರೆ ಮುಗಿಯಿತು. ಅವಳು ನಕಲು ಮಾಡಿದಳು. ಒಂದು ಸಾಲಿನ ಕೊನೆಯಲ್ಲಿ ಯಾವ ಆಯ್ಕೆ ಕೊಡಬೇಕೆಂಬುದು ಮರೆತಿದ್ದರಿಂದ ಸ್ಕ್ರಿಪ್ಟಿನ ಕೈಪಿಡಿ ಪುಸ್ತಕದ ಆ ಪುಟ ತೆಗೆದಳು. ಹುಡುಕಿದ್ದು ಸಿಕ್ಕಿತು. ಅದರ ಕೆಳಗೆ ಹುಡುಕದೇ ಇದ್ದ ಒಂದು ಟಿಪ್ಪಣಿಯೂ ಇತ್ತು. ಹೀಗೆ ಹೆಸರು ಹೇಳಿ ಪಡೆದ ಪೆಟ್ಟಿಗೆ ನಿಮ್ಮದಲ್ಲ, ಅದನ್ನು ಹಿಡಿದುಕೊಂಡವರ ಲೆಕ್ಕಕ್ಕೆ ನೀವು ಸೇರಿರುವುದಿಲ್ಲ, ಇಟ್ಟುಕೊಳ್ಳುವುದಾದರೆ ಲೆಕ್ಕವನ್ನು ನೀವೇ ಏರಿಸಬೇಕು ಎಂದು.

ಗೊತ್ತಿರುವ ಮಾತೇ. ಮೊದಲ ವರ್ಷ ಓದಿದ್ದಳು. ಪ್ರತಿ ಪೆಟ್ಟಿಗೆಯ ಮೇಲೂ ಒಂದು ಎಣಿಕೆ ಇರುತ್ತದೆ, ತನ್ನನ್ನು ಎಷ್ಟು ಜನ ಹಿಡಿದಿದ್ದಾರೆ ಎಂದು. ಎಣಿಕೆ ಸೊನ್ನೆಯಾದ ಕೂಡಲೇ ಪೆಟ್ಟಿಗೆಯನ್ನು ಗುಡಿಸಿ ಇನ್ನಾವುದೋ ಹೆಸರಿಗೆ ಕೊಟ್ಟುಬಿಡುತ್ತಾರೆ. ಅವಳು ತನ್ನ ಸಾಲುಗಳತ್ತ ತಿರುಗಿದಳು. ಪ್ರೋಗ್ರಾಂ ಶುರುವಾದಾಗ ‘ನಾಲ್ಕರೊಳಗೆ’ ಎಲ್ಲಿದೆ ಎಂದು ಒಮ್ಮೆ ಕೇಳಿ, ಆ ಜಾಗವನ್ನು ನೆನಪಿಟ್ಟುಕೊಂಡು, ಆಮೇಲೆ ಸದಾ ಅಲ್ಲಿಗೇ ಇಣುಕುವಂತೆ ಬರೆದಿದ್ದಳು. ಎಣಿಕೆ ಏರಿಸುವ ಸಾಲು ಇರಲಿಲ್ಲ. ಮೇಲೆ ಹುಡುಕಿದಳು, ಕೆಳಗೆ ಹುಡುಕಿದಳು. ಇರಲಿಲ್ಲ.

ಆದರೇನು, ಎಂದುಕೊಂಡಳು. ಹೆಸರು ಇರುವವರೆಗೆ ಪೆಟ್ಟಿಗೆ ಇರುತ್ತದೆ. ಹೆಸರು ಹೋಗುವುದಾದರೂ ಯಾವಾಗ. ಸ್ಕ್ರಿಪ್ಟನ್ನು ತಿದ್ದಿ ರೀಲೋಡ್ ಮಾಡಿದಾಗ, ಅಂದರೆ ಓಡುತ್ತಿರುವ ಪ್ರೋಗ್ರಾಮಿಗೆ ಅದನ್ನು ಮತ್ತೆ ಓದಿಸಿದಾಗ ಮಾತ್ರ. ಆಗ ಹಳೆಯ ಹೆಸರುಗಳೆಲ್ಲ ಬಿದ್ದುಹೋಗಿ ಹೊಸ ಪೆಟ್ಟಿಗೆಗಳು ಬರುತ್ತವೆ. ಸಿ ಮಾತ್ರ ಹಳೆಯ ಜಾಗಕ್ಕೇ ಇಣುಕುತ್ತಿರುತ್ತದೆ, ಅಲ್ಲಿ ಈಗ ಯಾರ ಸಾಮಾನಿದೆಯೋ. ಆದರೆ ಇಲ್ಲಿ ಯಾರೂ ಬರೀ ರೀಲೋಡ್ ಮಾಡುವುದಿಲ್ಲ. ಮೂರು ವರ್ಷದಿಂದ ಸ್ಕ್ರಿಪ್ಟ್ ತಿದ್ದುವುದು ಅವಳೊಬ್ಬಳೇ, ತಿದ್ದಿದಾಗಲೆಲ್ಲ ಇಡೀ ಪ್ರೋಗ್ರಾಮನ್ನೇ ನಿಲ್ಲಿಸಿ ಹೊಸದಾಗಿ ಶುರು ಮಾಡುತ್ತಾಳೆ.

ಅಷ್ಟರಲ್ಲಿ ಅವಳಿಗೆ ನಿನ್ನೆಯದು ನೆನಪಾಯಿತು.

ನಿನ್ನೆ ಸಂಜೆ ಮ್ಯಾನೇಜರು ಗೊಣಗಿದ್ದರು. ಪ್ರೋಗ್ರಾಂ ನಿಲ್ಲಿಸಿದರೆ ಬರ್ನರು ಆರುತ್ತದೆ, ಮತ್ತೆ ಬಿಸಿಯಾಗಲು ನಲವತ್ತು ನಿಮಿಷ, ಹೊರಗೆ ಹಸಿ ಕಾಳು ಕಾಯುತ್ತ ನಿಂತಿದೆ. ಅವಳೇ ಕಂಟ್ರೋಲ್ ರೂಮಿನ ಹೊಸ ಆಪರೇಟರಿಗೆ ಹೇಳಿದ್ದಳು: “ಬಿಸಿ ಬದಲಿಸ್ಬೇಕಾದ್ರೆ ಅಷ್ಟು ಮಾತ್ರ ತಿದ್ದಿ ರೀಲೋಡ್ ಒತ್ತು, ಸಾಕು.” ಸದಾ ಶಿಳ್ಳೆ ಹಾಕಿಕೊಂಡೇ ಕೆಲಸ ಮಾಡುವ ಅವನನ್ನು ಎಲ್ಲರೂ ಸೀಟಿ ಎನ್ನುತ್ತಿದ್ದರು. ಇವತ್ತು ಬೆಳಗ್ಗೆ ಎಂಟಕ್ಕೆ ಸೀಟಿ ಫೋನು ಮಾಡಿದ್ದ. “ಮೇಡಂ, ರೀಲೋಡ್ ಒತ್ತಿದೆ. ಬೆಂಕಿ ಉರೀತಾನೇ ಇದೆ. ನಿಮ್ಮ ಕೈಗುಣ.”

ಅವಳು ಎದ್ದು ಕಿಟಕಿಗೆ ಬಂದಳು. ಗಾಜಿನ ಹೊಟ್ಟನ್ನು ಅಂಗೈಯಿಂದ ಒರೆಸಿದಳು. ನಾಲ್ಕನೇ ಕಣಜದ ತಲೆಯ ಮೇಲೆ, ತೆರೆದ ಬಾಯಿಯ ಪಕ್ಕ, ಕೆಲಸಗಾರ ಉದ್ದಣ್ಣ ಕಾಲು ಇಳಿಬಿಟ್ಟು ಕೂತಿದ್ದ. ಅವನ ಕೈಯಲ್ಲಿ ಹಗ್ಗವಿತ್ತು. ಹಗ್ಗದ ಇನ್ನೊಂದು ತುದಿ ಕತ್ತಲೆಯೊಳಗೆ ಇಳಿದಿತ್ತು.

ಆ ತುದಿಯಲ್ಲಿ ಭಾವ ಇದ್ದರು. ಅಕ್ಕನ ಗಂಡ. ಗೋಡೆಗೆ ಅಂಟಿ ಗಟ್ಟಿಯಾದ ಕಾಳನ್ನು ಉದ್ದನೆಯ ಗಳುವಿನಿಂದ ಕುಟ್ಟಿ ಉದುರಿಸುವುದು ಮೂರು ವರ್ಷದಿಂದ ಅವರ ಕೆಲಸ. ಅದಕ್ಕೆ ಮುಂಚೆ ಕಂಟ್ರೋಲ್ ರೂಮಿನ ಕುರ್ಚಿಯಲ್ಲಿ ಹದಿನಾಲ್ಕು ವರ್ಷ ಕೂತಿದ್ದವರು ಅವರೇ.

ಅವಳು ಮೇಜಿನ ಫೋನು ಎತ್ತಿದಳು. ಕಂಟ್ರೋಲ್ ರೂಮಿನಲ್ಲಿ ಗಂಟೆ ಹೊಡೆಯಿತು, ಹೊಡೆಯುತ್ತಲೇ ಇತ್ತು. ಗೋಪುರದ ಫ್ಯಾನುಗಳ ಸದ್ದಿನಲ್ಲಿ ಸೀಟಿಯ ಕಿವಿಗೆ ಗಂಟೆ ಬೀಳುವುದು ಹತ್ತರಲ್ಲಿ ಒಂದು ಸಲ. ಫೋನು ಕಿವಿಗೆ ಒತ್ತಿಕೊಂಡೇ ಅವಳು ಕೆಳಗೆ ನೋಡಿದಳು. ಖಾಲಿ ಲಾರಿಯೊಂದು ತೂಕದ ವೇಬ್ರಿಡ್ಜಿನ ಕಡೆಗೆ ಮೆಲ್ಲಗೆ ಉರುಳುತ್ತಿತ್ತು. ಗೇಟಿನ ಅಡ್ಡಗಂಬ ಆಗಲೇ ಮೇಲೆದ್ದಿತ್ತು.

ವೇಬ್ರಿಡ್ಜಿನ ಹಲಗೆಯ ಮೇಲೆ ಲಾರಿ ನಿಂತು ತೂಕ ಐದು ಸೆಕೆಂಡು ಅಲುಗಾಡದಿದ್ದರೆ ಸ್ಕ್ರಿಪ್ಟು ನಾಲ್ಕನೇ ಕಣಜದ ಸ್ಕ್ರೂ ತಿರುಗಿಸೆಂದು ಸಿಯನ್ನು ಕೇಳುತ್ತದೆ. ಬೀಗ ಹಾಕಿದ್ದರೆ ಸಿ ಒಲ್ಲೆ ಎನ್ನುತ್ತದೆ, ಆಗ ಸ್ಕ್ರಿಪ್ಟು ಐದನೆಯದನ್ನು ಕೇಳುತ್ತದೆ. ಅದಕ್ಕೇ ಒಳಗೆ ಜನ ಇದ್ದರೂ ಯಾರೂ ಲಾರಿಯನ್ನು ತಡೆಯುವುದಿಲ್ಲ. ಬೀಗ ನೋಡುವುದು ಸಿಯ ಕೆಲಸ, ಸ್ಕ್ರಿಪ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ ಎಂದು ಹಾಗೆ ಬರೆದವಳೂ ಅವಳೇ.

ಅವಳು ಫೋನನ್ನು ಅಲ್ಲೇ ಬಿಟ್ಟು ಓಡಿದಳು. ಮೆಟ್ಟಿಲಲ್ಲಿ ಚಪ್ಪಲಿ ಕಳಚಿತು. ಬರಿಗಾಲಿಗೆ ಅಂಗಳದ ಚೂರುಕಾಳು ಚುಚ್ಚುತ್ತಿತ್ತು, ಹೆಜ್ಜೆ ಜಾರುತ್ತಿತ್ತು. ಕಾಳು ಸುಳಿಯ ಹಾಗೆ ನಡುವಿನಿಂದ ಕುಸಿಯುತ್ತದೆ. ಮೊಣಕಾಲು ಮುಳುಗಿದರೆ ಒಬ್ಬ ಎಳೆದು ತೆಗೆಯಲಾರ, ಎದೆಮಟ್ಟ ಮುಳುಗಿದರೆ ಹತ್ತು ಜನ ಸೇರಿ ಎಳೆದರೂ ಬರುವುದಿಲ್ಲ. ಇದನ್ನು ಹೊಸ ಕೆಲಸಗಾರರಿಗೆ ಅವಳೇ ಪ್ರತಿ ವರ್ಷ ಹೇಳಿಕೊಡುತ್ತಿದ್ದಳು, ಗೋಡೆಯ ಮೇಲೆ ಚಿತ್ರ ತೋರಿಸಿ.

ವೇಬ್ರಿಡ್ಜಿನ ಪಕ್ಕದ ಗೂಡಿನಲ್ಲಿ ಅಕ್ಕ ಕೂತಿದ್ದಳು. ಬಂದ ಕಾಳಿನ ತೇವ ಅಳೆಯುವುದು, ಖಾಲಿ ಲಾರಿಯ ತಳ ಒಣಗಿದೆಯೇ ಎಂದು ಹತ್ತಿ ನೋಡುವುದು, ಅಡ್ಡಗಂಬ ಎತ್ತಿ ಒಳಗೆ ಬಿಡುವುದು ಅವಳ ಕೆಲಸ. ಅಕ್ಕ ತಂಗಿಯ ನಡುವೆ ಮೂರು ವರ್ಷದಿಂದ ಚೀಟಿಯ ಮಾತಷ್ಟೇ. ತೇವ ಇಷ್ಟು, ಲಾರಿ ನಂಬರು ಇಷ್ಟು. ಒಂದೇ ಊರು, ಒಂದೇ ಗೇಟು, ಮುಖ ಕೊಟ್ಟು ಮಾತಾಡಿದ್ದು ಇಲ್ಲ.

“ಅಕ್ಕಾ, ಲಾರಿ ನಿಲ್ಸು.”

ಕೂಗು ಅವಳಿಗೇ ಪರಕೀಯವಾಗಿ ಕೇಳಿಸಿತು. ಅಕ್ಕ ತಲೆಯೆತ್ತಿ ಒಮ್ಮೆ ನೋಡಿದಳು. ಯಾಕೆ ಎಂದು ಕೇಳಲಿಲ್ಲ. ಕೈಯಲ್ಲಿದ್ದ ಕಾಳಿನ ಬಟ್ಟಲನ್ನು ಹಾಗೇ ಬಿಟ್ಟು ಗೂಡಿನಿಂದ ಇಳಿದು ಲಾರಿಯ ಮೂತಿಯ ಮುಂದೆ ನಿಂತು ಅಂಗೈ ಎತ್ತಿದಳು. ಬ್ರೇಕು ಕಿರುಗುಟ್ಟಿತು. ಮುಂದಿನ ಎರಡು ಚಕ್ರಗಳು ಆಗಲೇ ಹಲಗೆಯ ಮೇಲಿದ್ದವು.

ಡ್ರೈವರು ಕಿಟಕಿಯಿಂದ ಅರ್ಧ ಹೊರಗೆ ಬಂದ. “ಏನಮ್ಮಾ, ನಿನ್ನೆಯಿಂದ ಕ್ಯೂನಲ್ಲಿ ಒಣಗ್ತಾ ಇದೀನಿ. ನನ್ನನ್ನೂ ಆ ಗೋಪುರಕ್ಕೆ ಹಾಕ್ಬಿಡಿ, ಒಂದೇ ಸಲಕ್ಕೆ.”

“ಹತ್ತು ನಿಮಿಷ ನಿಂತ್ರೆ ನಿನ್ನ ಲಾರಿಗೇನೂ ಗಡ್ಡ ಬೆಳೆಯಲ್ಲ,” ಎಂದಳು ಅಕ್ಕ.

ಲಾರಿ ನಿಂತಿತು. ಅವಳಿಗೆ ಒಂದು ಉಸಿರಿನಷ್ಟು ಸಮಾಧಾನವಾಯಿತು. ಮರುಕ್ಷಣವೇ ಗೂಡಿನ ಗೋಡೆಯ ಮೇಲಿನ ಕೆಂಪು ಅಂಕಿಗಳತ್ತ ಕಣ್ಣು ಹೋಯಿತು. ಎರಡೂವರೆ ಟನ್ನು. ಅಂಕಿ ಅಲುಗಾಡುತ್ತಿತ್ತು, ನಿಧಾನವಾಗಿ ನೆಲೆಗೆ ಬರುತ್ತಿತ್ತು. ಎರಡು ಟನ್ನಿಗಿಂತ ಹೆಚ್ಚಿದ್ದು ಐದು ಸೆಕೆಂಡು ಸ್ಥಿರವಾಗಿದ್ದರೆ ಸಾಕು ಎಂದು ಸ್ಕ್ರಿಪ್ಟಿನಲ್ಲಿತ್ತು. ಇಡೀ ಲಾರಿ ಬೇಕು ಎಂದು ಎಲ್ಲೂ ಬರೆದಿರಲಿಲ್ಲ. ನಿಲ್ಲಿಸಿ ಇನ್ನೂ ಕೆಡಿಸಿದ್ದಳು.

“ಹಿಂದಕ್ಕೆ ತಗೊಳ್ಳಿ,” ಎಂದು ಅವಳು ಲಾರಿಯ ಬಾಗಿಲಿಗೆ ಗುದ್ದಿದಳು. “ಹಿಂದಕ್ಕೆ, ಹಿಂದಕ್ಕೆ.”

“ಹಿಂದಕ್ಕಾ? ಈಗ ತಾನೆ ಮುಂದಕ್ಕೆ ಅಂದ್ರಿ.”

“ಅಣ್ಣಾ, ಒಳಗೆ ನಮ್ಮೋರಿದಾರೆ.”

ಆ ಮಾತಿನಲ್ಲಿ ಏನು ಕೇಳಿಸಿತೋ, ಅವನ ಮುಖದ ನಗೆ ಅಳಿಸಿಹೋಯಿತು. ಗೇರು ಬೀಳಲಿಲ್ಲ. ಮತ್ತೆ ತಳ್ಳಿದ. ಅವಳು ಕೆಂಪು ಅಂಕಿಗಳನ್ನು ನೋಡುತ್ತಿದ್ದಳು. ಕೊನೆಯ ಅಂಕಿ ನಿಂತಿತು. ಒಂದು, ಎಂದಿತು ಅವಳ ತಲೆಯೊಳಗೆ ಯಾವುದೋ ದನಿ. ಎರಡು. ಲಾರಿ ಕೆಮ್ಮಿತು. ಮೂರು. ಅಕ್ಕ ಏನು ತಿಳಿದಳೋ, ಹಲಗೆಯ ಮೇಲೆ ಹತ್ತಿ ಲಾರಿಯ ಮೂತಿಗೆ ಹೆಗಲು ಕೊಟ್ಟು ತಳ್ಳತೊಡಗಿದಳು, ಐವತ್ತು ದಾಟಿದ ಹೆಂಗಸು. ಅಂಕಿ ಅಲುಗಿತು. ಗೇರು ಬಿತ್ತು. ಲಾರಿ ಜೋಲಿ ಹೊಡೆದು ಹಿಂದಕ್ಕೆ ಸರಿದು ಧೊಪ್ಪನೆ ಕೆಳಗಿಳಿಯಿತು. ಗೋಡೆಯ ಮೇಲೆ ಸೊನ್ನೆಗಳು ಸಾಲಾಗಿ ಕೂತವು.

ಅವಳು ಗೂಡಿನ ಹಿಂದಿನ ಶೆಡ್ಡಿಗೆ ಓಡಿ ಮೇನ್ ಸ್ವಿಚ್ಚಿನ ಹಿಡಿಗೆ ಎರಡೂ ಕೈಯಿಂದ ಜೋತುಬಿದ್ದಳು. ಹಿಡಿ ಕೆಳಗಿಳಿಯಿತು.

ಹನ್ನೊಂದು ದಿನದ ಸದ್ದು ಒಮ್ಮೆಲೇ ನಿಂತಿತು. ಫ್ಯಾನುಗಳು ಉಸಿರು ಬಿಡುತ್ತ ನಿಧಾನವಾದವು. ಎಲ್ಲಿಯೋ ಒಂದು ನಾಯಿ ಬೊಗಳಿದ್ದು ಕೇಳಿಸಿತು. ಆಮೇಲೆ ಮೇಲಿನಿಂದ, ಉಕ್ಕಿನ ಡಬ್ಬಿಯೊಳಗಿನಿಂದ ಬಂದಂತೆ, ಭಾವನ ದನಿ: “ಏನಾಯ್ತೋ ಉದ್ದಣ್ಣ, ಕರೆಂಟ್ ಹೋಯ್ತಾ?”

ಅವಳು ಹಿಡಿಯನ್ನು ಬಿಟ್ಟಳು. ಅಲ್ಲೇ ನೆಲಕ್ಕೆ ಕೂತಳು. ಅಕ್ಕ ಬಂದು ಬಾಗಿಲಲ್ಲಿ ನಿಂತಳು, ಸೆರಗಿಗೆ ಲಾರಿಯ ಗ್ರೀಸು ಮೆತ್ತಿತ್ತು.

“ಅವ್ರು ಒಳಗಿದಾರೆ ಅಂತಾನಾ?”

“ಹೂಂ.”

“ಬೀಗ ಹಾಕಿರ್ಲಿಲ್ವಾ ಆ ಹುಡುಗ?”

“ಹಾಕಿದಾನೆ. ಬೀಗಾನೇ ಕೆಟ್ಟಿದೆ ಅಂತ ಕಾಣುತ್ತೆ.”

ಅಕ್ಕ ಸೆರಗಿನ ಗ್ರೀಸನ್ನು ಬೆರಳಿನಿಂದ ಕೆರೆದಳು. ತನ್ನ ಗೂಡಿಗೆ ಹೋದಳು.

ಹೇಳಬೇಕಾದ್ದು ಇಬ್ಬರಿಗೂ ಗೊತ್ತಿತ್ತು. ಮೂರು ವರ್ಷದ ಹಿಂದೆ ಇಂಥದೇ ಸುಗ್ಗಿಯಲ್ಲಿ ಉದ್ದಣ್ಣ ಎರಡನೇ ಕಣಜದೊಳಗಿದ್ದಾಗ ಸ್ಕ್ರೂ ತಿರುಗಿತ್ತು. ಅವನು ಗೋಡೆಯ ಏಣಿಗೆ ಜೋತುಬಿದ್ದು ಉಳಿದುಕೊಂಡ, ಒಂದು ಬೂಟು ಕಾಳಿನ ಪಾಲಾಯಿತು. ಆವತ್ತಿನಿಂದ ಅವನು ಕಣಜಕ್ಕೆ ಇಳಿದಿಲ್ಲ, ಹಗ್ಗ ಮಾತ್ರ ಹಿಡಿಯುತ್ತಾನೆ. ಕಂಟ್ರೋಲ್ ರೂಮಿನಲ್ಲಿದ್ದ ಭಾವ ಸದ್ದು ಕೇಳಿದ ಕೂಡಲೇ ಮೇನ್ ಎಳೆದಿದ್ದರು, ಅದರಿಂದ ಮೆಮೊರಿಯಲ್ಲಿದ್ದುದೆಲ್ಲ ಅಳಿಸಿಹೋಗಿತ್ತು. ಬೀಗ ಹಾಕಿದ್ದೆ ಎಂದು ಅವರು ಒಂದೇ ಮಾತು ಹೇಳಿದರು. ಅವಳು ಪ್ರೋಗ್ರಾಮನ್ನು ಹೊಸದಾಗಿ ಶುರು ಮಾಡಿ, ಬೀಗ ಹಾಕಿ, ಸ್ಕ್ರೂ ಓಡಿಸಲು ಹತ್ತು ಸಲ ನೋಡಿದ್ದಳು. ಹತ್ತು ಸಲವೂ ತಿರುಗಲಿಲ್ಲ. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಎಲ್ಲರೂ ಉಣ್ಣುತ್ತಿದ್ದಾಗ ಎದ್ದುನಿಂತು ಹೇಳಿದ್ದಳು: “ಪ್ರೋಗ್ರಾಂ ಸರಿಯಾಗಿದೆ. ಬೀಗ ಹಾಕೋದು ಮರೆತಿರ್ತಾರೆ.” ಮಾರನೆಯ ದಿನ ಭಾವನ ಕೈಗೆ ಗಳು ಬಂದಿತ್ತು.

ಮ್ಯಾನೇಜರು ಬಂದಾಗ ಅವರ ಮುಖ ಕೆಂಪಾಗಿತ್ತು. ಗೋಪುರದೊಳಗೆ ಎಂಬತ್ತು ಟನ್ನು ಅರೆ ಒಣಗಿದ ಕಾಳು, ಬರ್ನರು ತಣ್ಣಗೆ. ಅವಳು ಹೇಳಿದ್ದನ್ನು ಕೇಳಿ ಅವರ ಕೆಂಪು ಇಳಿಯಿತು.

“ಖಾತ್ರಿನಾ?”

“ನೋಡಿದ್ರೆ ಗೊತ್ತಾಗುತ್ತೆ ಸರ್. ಒಳಗೆ ಯಾರೂ ಇಲ್ದೇ ಇರುವಾಗ.”

ಸ್ವಿಚ್ಚು ಮತ್ತೆ ಮೇಲೆ ಹೋಯಿತು, ಪ್ರೋಗ್ರಾಂ ಹೊಸದಾಗಿ ಶುರುವಾಯಿತು. ಮ್ಯಾನೇಜರು ಕಂಟ್ರೋಲ್ ರೂಮಿನಲ್ಲಿ ಸೀಟಿಯ ಹಿಂದೆ ನಿಂತರು. ಅವಳು ನಾಲ್ಕನೇ ಕಣಜದ ಏಣಿ ಹತ್ತಿದಳು. ತೊಂಬತ್ತಾರು ಮೆಟ್ಟಿಲು. ಮೇಲೆ ಉದ್ದಣ್ಣ, ಅವನ ಪಕ್ಕ ಭಾವ. ಭಾವನ ಹುಬ್ಬು ರೆಪ್ಪೆಯೆಲ್ಲ ಹಳದಿ ಹಿಟ್ಟು. ಅವರು ಅವಳನ್ನು ನೋಡಿ ಸ್ವಲ್ಪ ಸರಿದು ಜಾಗ ಕೊಟ್ಟರು, ಅಷ್ಟೆ.

“ಗಳು ಒಳಗೇ ಉಳಿದಿದೆ,” ಎಂದರು. “ಮೇಲೆ ಬಾ ಅಂದ ಇವನು. ನಿಂತಿದ್ದಲ್ಲೇ ನೆಟ್ಟು ಬಂದೆ.”

ಅವಳು ಬಗ್ಗಿ ನೋಡಿದಳು. ಹತ್ತು ಅಡಿ ಕೆಳಗೆ ಕಾಳಿನ ಬಯಲು, ಮಬ್ಬು ಬೆಳಕಿನಲ್ಲಿ ಅಲುಗದೆ ಮಲಗಿತ್ತು. ನಡುವೆ ಭಾವನ ಗಳು ನೆಟ್ಟಗೆ ನಿಂತಿತ್ತು. ಪಕ್ಕದಲ್ಲಿ ಎರಡು ಪಾದದ ಗುರುತು.

ಅವಳು ಮೊಬೈಲನ್ನು ಕಿವಿಗಿಟ್ಟಳು. “ಸೀಟಿ, ಬೀಗ ಹಾಕು.”

“ಹಾಕ್ದೆ ಮೇಡಂ. ಕೆಂಪು ದೀಪ ಬಂತು.”

“ಸ್ಕ್ರೂ ಓಡ್ಸು.”

ಮೂವರೂ ಕೆಳಗೆ ಬಗ್ಗಿ ನೋಡಿದರು. ಏನೂ ಆಗಲಿಲ್ಲ. ಫೋನಿನೊಳಗೆ ಮ್ಯಾನೇಜರ ದನಿ: “ಸರಿಯಾಗೇ ಇದೆಯಲ್ಲಮ್ಮಾ. ಬೀಗ ಹಿಡ್ಕೊಂಡಿದೆ. ಸುಮ್ನೆ ನನ್ನ ಎಂಬತ್ತು ಟನ್ ಕಾಳು ಹಾಳು ಮಾಡಿದ್ರಿ.”

ಇದೇ, ಎಂದುಕೊಂಡಳು. ಮೂರು ವರ್ಷದ ಹಿಂದೆ ತಾನು ಹತ್ತು ಸಲ ನೋಡಿದ್ದು ಇದನ್ನೇ. ಈಗ ಇಲ್ಲಿಂದಲೇ ಇಳಿದುಬಿಡಬಹುದು. ಹೆದರಿಬಿಟ್ಟೆ, ತಪ್ಪಾಯಿತು ಎನ್ನಬಹುದು. ಸಂಜೆಗೆ ಆ ಸಾಲನ್ನು ಸದ್ದಿಲ್ಲದೆ ತಿದ್ದಿಬಿಡಬಹುದು. ಯಾರಿಗೂ ಗೊತ್ತಾಗುವುದಿಲ್ಲ. ಈ ಯೋಚನೆ ಎಷ್ಟು ಸಲೀಸಾಗಿ ಬಂತೆಂದರೆ, ಲಾರಿಯ ಮುಂದೆ ಆಗಿದ್ದಕ್ಕಿಂತ ಹೆಚ್ಚು ಭಯ ಅವಳಿಗೆ ಈಗ ಆಯಿತು.

“ಬೀಗ ತೆಗಿ. ರೀಲೋಡ್ ಒತ್ತು. ಆಮೇಲೆ ಮತ್ತೆ ಬೀಗ ಹಾಕು.”

“ಒತ್ತಿದೆ. ಹಾಕ್ದೆ. ಕೆಂಪು ದೀಪ ಇದೆ ಮೇಡಂ.”

“ಓಡ್ಸು.”

ಕಾಲ ಕೆಳಗಿನ ಉಕ್ಕು ಗುರ್ ಎಂದಿತು.

ಮೊದಲು ಕಾಳಿನ ಬಯಲು ಸುಮ್ಮನೆ ನಡುಗಿತು. ಆಮೇಲೆ ನಡುವೆ ಒಂದು ಕುಳಿ, ಬಟ್ಟಲಿನಷ್ಟು, ಬಾಣಲೆಯಷ್ಟು. ಪಾದದ ಗುರುತುಗಳು ಜಾರಿ ಒಂದರ ಮೇಲೊಂದು ಬಿದ್ದು ಇಲ್ಲವಾದವು. ಗಳು ಮೆಲ್ಲಗೆ ವಾಲಿತು, ನೆಟ್ಟಗಾಯಿತು, ಯಾರೋ ಕೆಳಗಿನಿಂದ ಕೈಹಿಡಿದು ಎಳೆದುಕೊಂಡಂತೆ ಇಳಿಯತೊಡಗಿತು. ಸದ್ದೇ ಇರಲಿಲ್ಲ, ಕಾಳು ಕಾಳಿಗೆ ಉಜ್ಜುವ ಸರಸರ ಬಿಟ್ಟರೆ. ಭಾವ ತುಟಿ ಅಲುಗಿಸುತ್ತ ಸೆಕೆಂಡು ಎಣಿಸುತ್ತಿದ್ದರು. ಗಳುವಿನ ತುದಿ ಕಾಣದಾದಾಗ ನಿಲ್ಲಿಸಿದರು.

“ಇಪ್ಪತ್ತೆರಡು,” ಎಂದರು.

ಉದ್ದಣ್ಣ ಮುಖ ತಿರುಗಿಸಿ ಕಣಜದ ಅಂಚಿಗೆ ಹೋಗಿ ಕೂತ.

“ನಿಲ್ಸು,” ಎಂದಳು ಅವಳು ಫೋನಿಗೆ. ಕಾಲ ಕೆಳಗಿನ ಗುರ್ ನಿಂತಿತು. ಆ ಕಡೆ ಸೀಟಿಯ ಶಿಳ್ಳೆ ಕೇಳಿಸಲಿಲ್ಲ.

ಭಾವ ಕಣ್ಣಿನ ಹಿಟ್ಟು ಒರೆಸಿಕೊಂಡರು. “ಆವತ್ತು ಬೆಳಗ್ಗೆ ನಾನೂ ರೀಲೋಡ್ ಒತ್ತಿದ್ದೆ. ಕಾಳು ಹಸಿ ಇತ್ತು ಅಂತ. ನಿನಗೆ ಹೇಳಿದ್ದೆ.”

ಅವಳಿಗೆ ನೆನಪಾಯಿತು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಭಾವ, ಎಂದಿದ್ದಳು.

“ಹೇಳಿದ್ರಿ,” ಎಂದಳು.

“ಹಾಂ. ಹೇಳಿದ್ದೆ ಅನ್ನೋದ್ರ ಮೇಲೆ ನನಗೇ ಅನುಮಾನ ಬರೋಕೆ ಶುರುವಾಗಿತ್ತು. ಬೀಗ ಹಾಕಿದ್ದರ ಮೇಲೂ.” ಅವರು ಹಗ್ಗ ಸುತ್ತತೊಡಗಿದರು. “ಎಷ್ಟೋ ದಿನ ಎಚ್ಚರ ಆದ್ರೆ ಆ ಗುಂಡಿಯನ್ನೇ ಒತ್ತಿ ಒತ್ತಿ ನೋಡ್ತಿದ್ದೆ, ಹಾಸಿಗೆ ಮೇಲೆ. ನಿಮ್ಮಕ್ಕ ಮಾತ್ರ ಹಾಕಿದ್ರಿ ಬಿಡಿ ಅಂತಿದ್ಲು.”

ತಪ್ಪಾಯಿತು ಎಂಬ ಮಾತು ಆ ತೊಂಬತ್ತಾರು ಮೆಟ್ಟಿಲಿನ ಎತ್ತರದಲ್ಲಿ ತೀರಾ ಸಣ್ಣದಾಗಿ ಕಂಡಿತು. ಆದರೂ ಹೇಳಿದಳು. ಅವರು ಹಗ್ಗ ಸುತ್ತುವುದನ್ನು ನಿಲ್ಲಿಸಲಿಲ್ಲ.

“ನನಗೆ ಹೇಳಿ ಏನು ಪ್ರಯೋಜನ. ನೀನು ಆವತ್ತು ನನಗಾ ಹೇಳಿದ್ದು?”

ಕೆಳಗೆ ಮ್ಯಾನೇಜರು ಕಾಯುತ್ತಿದ್ದರು. ಕೆಟ್ಟ ಮನುಷ್ಯನಲ್ಲ. ಎಲ್ಲ ಕಣಜಗಳಿಗೂ ಕಬ್ಬಿಣದ ಬೀಗ ತರಿಸಲು ಆಗಲೇ ಜನ ಕಳಿಸಿದ್ದರು. “ನೋಡಮ್ಮ, ಯಾರಿಗೂ ಏನೂ ಆಗ್ಲಿಲ್ಲ. ಅಷ್ಟು ಸಾಕು. ಕರೆಂಟ್ ಹೋಗಿತ್ತು ಅಂತ ಪುಸ್ತಕದಲ್ಲಿ ಬರೀತೀನಿ. ನೀವು ಅದನ್ನ ಸರಿ ಮಾಡಿ. ಹಳೇದೆಲ್ಲ ಕೆದಕಿದ್ರೆ ಮೇಲಿನೋರು ಮೊದಲು ಕೇಳೋದು ನಿಮ್ಮನ್ನೇ. ಕೆಲಸ ಉಳಿಯುತ್ತೆ ಅಂತ ನಾನು ಮಾತು ಕೊಡಕ್ಕಾಗಲ್ಲ.”

ಅವಳು ಮಹಡಿಗೆ ಹೋಗಿ ಕಂಪ್ಯೂಟರಿನ ಮುಂದೆ ಕೂತಳು. ಕೈಪಿಡಿಯ ಪುಟ ಹಾಗೇ ತೆರೆದಿತ್ತು. ಎಣಿಕೆ ಏರಿಸುವ ಒಂದು ಸಾಲು ಸೇರಿಸಲು ಹೋಗಿ ಬೆರಳು ನಿಂತಿತು. ಸೇರಿಸಿದರೆ ಹಳೆಯ ಪೆಟ್ಟಿಗೆ ಬೇರೆಯವರ ಪಾಲಾಗುವುದಿಲ್ಲ, ನಿಜ. ಆದರೆ ರೀಲೋಡ್ ಆದ ಮೇಲೆ ಹೊಸ ಬೀಗ ಹೊಸ ಪೆಟ್ಟಿಗೆಗೆ ಬೀಳುತ್ತದೆ. ಸಿ ಮಾತ್ರ ಹಳೆಯದನ್ನೇ ಎದೆಗವಚಿಕೊಂಡು ಅದರಲ್ಲಿ ಉಳಿದ ಸೊನ್ನೆಯನ್ನೇ ಓದುತ್ತಿರುತ್ತದೆ. ಭಾವ ಆಗಲೂ ಮುಳುಗುತ್ತಾರೆ. ಎರಡನೇ ಸಲವೂ ತಪ್ಪು ಮಾಡುವುದು ಅಷ್ಟು ಹತ್ತಿರದಲ್ಲಿತ್ತು. ಜಾಗ ನೆನಪಿಟ್ಟುಕೊಳ್ಳುವ ಸಾಲನ್ನೇ ಅಳಿಸಿದಳು. ಪ್ರತಿ ಸಲವೂ ಹೆಸರು ಹೇಳಿ ಕೇಳಬೇಕು, ಹೆಸರು ಸಿಗದಿದ್ದರೆ ಮೋಟರು ತಿರುಗಬಾರದು, ಹಾಗೆ ಬರೆದಳು. ಆರು ಕಣಜಕ್ಕೂ, ಹೊಸ ಏಳನೆಯದಕ್ಕೂ ಬರೆದಳು. ಬರೆದದ್ದನ್ನು ನಂಬದೆ ಮೂರು ಸಲ ಓದಿದಳು. ಹೊರಗೆ ಊಟದ ಗಂಟೆ ಹೊಡೆಯಿತು.

ಕ್ಯಾಂಟೀನಿನ ಉದ್ದನೆಯ ಬೆಂಚುಗಳು ತುಂಬಿದ್ದವು. ಬರ್ನರು ಇನ್ನೂ ಬಿಸಿಯಾಗುತ್ತಿದ್ದುದರಿಂದ ಎಲ್ಲರೂ ಒಟ್ಟಿಗೆ ಬಂದಿದ್ದರು, ಕ್ಯೂನಲ್ಲಿದ್ದ ಡ್ರೈವರುಗಳೂ ಸೇರಿ. ಸೀಟಿ ಒಂದು ಮೂಲೆಯಲ್ಲಿ ತಟ್ಟೆ ಮುಟ್ಟದೆ ಕೂತಿದ್ದ. ಅಕ್ಕ ಭಾವ ಕಿಟಕಿಯ ಪಕ್ಕ ಎದುರುಬದುರು ಕೂತು ಉಣ್ಣುತ್ತಿದ್ದರು. ಮ್ಯಾನೇಜರು ಅವಳನ್ನು ನೋಡಿದರು, ಅವಳ ಮುಖದಲ್ಲಿ ಏನನ್ನೋ ಕಂಡು ಕಣ್ಣು ತಗ್ಗಿಸಿದರು.

ಅವಳು ನಡುವಿನ ಕಂಬದ ಪಕ್ಕ ನಿಂತಳು. ಆವತ್ತು ನಿಂತದ್ದೂ ಅಲ್ಲೇ. ಒಂದು ಕೈಯಿಂದ ಕಂಬ ಹಿಡಿದಳು.

“ಮೂರು ವರ್ಷದ ಹಿಂದೆ ಭಾವ ಬೀಗ ಹಾಕಿದ್ರು,” ಎಂದಳು. “ಬೀಗ ಹಾಕಿದ್ದು ಸರಿ ಇತ್ತು. ಪ್ರೋಗ್ರಾಂ ತಪ್ಪಿತ್ತು. ಅದನ್ನ ಬರೆದವಳು ನಾನು.”

ಹತ್ತಿರ ಕೂತವರು ಕೈ ನಿಲ್ಲಿಸಿದರು. ದೂರದ ಬೆಂಚುಗಳಲ್ಲಿ ತಟ್ಟೆಗಳ ಸದ್ದು ನಡೆದೇ ಇತ್ತು. ಯಾರೋ ಯಾರನ್ನೋ ಏನಂತೆ ಎಂದು ಕೇಳಿದರು.

ಅಕ್ಕ ತಟ್ಟೆಯ ಮೇಲಿಂದ ತಲೆಯೆತ್ತಿದಳು. ಮುಖದಲ್ಲಿ ಸಿಟ್ಟಿರಲಿಲ್ಲ, ಇನ್ನೇನೂ ಇರಲಿಲ್ಲ. ತೇವದ ಅಂಕಿ ಓದುವಾಗ ಇರುತ್ತಿದ್ದ ಮುಖವೇ.

“ಹಿಂದೆ ಕೂತವರಿಗೆ ಕೇಳಿಸ್ಲಿಲ್ಲ,” ಎಂದಳು. “ಆವತ್ತು ಕೇಳಿಸಿತ್ತು.”

ಅವಳು ಉಸಿರೆಳೆದುಕೊಂಡು ಮೊದಲಿನಿಂದ, ಜೋರಾಗಿ ಹೇಳಿದಳು. ಈ ಸಲ ಕೊನೆಯ ಬೆಂಚಿನ ತನಕ ಸದ್ದು ನಿಂತಿತು. ಮಾತು ಮುಗಿದ ಮೇಲೂ ಅವಳು ಕಂಬ ಹಿಡಿದುಕೊಂಡೇ ನಿಂತಿದ್ದಳು. ಅಕ್ಕ ಒಮ್ಮೆ ತಲೆ ಆಡಿಸಿ, ಭಾವನ ತಟ್ಟೆಯನ್ನು ಅವರ ಹತ್ತಿರಕ್ಕೆ ಸರಿಸಿ, ತನ್ನ ಊಟ ಮುಂದುವರಿಸಿದಳು.